ಜಾರ್ಜ್ ಇನ್: ಲಂಡನ್ನಿನ ಒಂದು ಹಳೆಯ ಪಾಂಥಶಾಲೆ

ಗೃಹಸ್ಥರ ಪತ್ರಿಕೆಯಲ್ಲಿ ಪಾನಗೃಹದ ವೃತ್ತಾಂತವೇ ಎಂದು ವಾಚಕರು ಹುಬ್ಬೇರಿಸಬಹುದು. ಪಾನದ ಪ್ರಶಂಸೆ ನಮ್ಮ ಉದ್ದೇಶವಲ್ಲ. ಇಂಗ್ಲೆಂಡಿನ ಹಳೆಯ ಪಾನಗೃಹಗಳಲ್ಲಿ ಅನೇಕವು ಪೂರ್ವದಲ್ಲಿ ದಾರಿಗರಿಗೆ ಊಟವನ್ನೂ ಹಾಸಿಗೆಯನ್ನೂ, ಅವರ ಕುದುರೆಗಳಿಗೆ ಲಾಯವನ್ನೂ ಹಣಕ್ಕೆ ಒದಗಿಸುತ್ತಿದ್ದ ಪಾಂಥಶಾಲೆಗಳು. ಅಂಥವುಗಳಲ್ಲಿ ಜಾರ್ಜ್ ಇನ್ ಎಂಬುದೊಂದು.

ಇದಿರುವುದು ಥೇಮ್ಸ್ ನದಿಯ ದಕ್ಷಿಣತೀರದ ಸದರ್ಕಿನಲ್ಲಿ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯು ಸಿದ್ಧವಾಗುವವರೆಗೆ ಲಂಡನ್ ನಗರದಲ್ಲಿ ಆ ನದಿಗೆ ಇದ್ದುದು ಒಂದೇ ಸೇತುವೆ. ದಕ್ಷಿಣದ ಹೆದ್ದಾರಿಗಳೆಲ್ಲವೂ ಅದರ ಬುಡದಲ್ಲಿ ಬಂದು ಸೇರುತ್ತಿದ್ದುವು. ಆದುದರಿಂದಲೇ ಅಲ್ಲಿ ಪಾಂಥಶಾಲೆಗಳು ಸಾಲುಗಟ್ಟಿ ಬೆಳೆದುವು. ಕವಿ ಚಾಸರನು ತನ್ನ ಕ್ಯಾಂಟರ್ಬರಿಯ ಯಾತ್ರಿಕರನ್ನು ಒಟ್ಟುಗೂಡಿಸಿದ ಟ್ಯಾಬರ್ಡ್ ಎಂಬ ಶಾಲೆಯು ಜಾರ್ಜಿನ ನೆರೆಯದೇ.

1676ರಲ್ಲಿ ಸದರ್ಕಿನ ಬಹುಭಾಗವು ಅಗ್ನಿಗೆ ಆಹುತಿಯಾಯಿತು. ಜಾರ್ಜ್ ಕೂಡ ಸುಟ್ಟುಹೋಗಿ, ಮರುವರ್ಷವೇ ಮತ್ತೆ ಎದ್ದು ನಿಂತಿತು. ಇಂದು ನಾವು ಕಾಣುವುದು ಆ ಕಟ್ಟಡವನ್ನೇ.

ಅದರ ರಚನೆಯು ಸರಳವಾದರೂ ಪ್ರಯೋಜನಕ್ಕೆ ಒಪ್ಪುವಂತಹುದು. ಹೆದ್ದಾರಿಯಿಂದ ಇಕ್ಕಟ್ಟಾದ ದ್ವಾರದಲ್ಲಿ ಒಳಹೊಕ್ಕರೆ ಉದ್ದನೆಯ ಅಂಗಳ. ಅದರ ಮೂರು ಮಗ್ಗುಲಿಗೂ ಕಟ್ಟಡ. ಬಂಡಿಗಳು ಅಂಗಳದಲ್ಲಿ ನಿಲ್ಲುತ್ತಿದ್ದುವು. ಕೆಳಗಡೆ ಉಣ್ಣುವ ಕುಡಿಯುವ ಕೋಣೆಗಳು. ಮೇಲೆ ಮಲಗುವ ಕೋಣೆಗಳು. ಮೇಲಿನ ಕೋಣೆಗಳಿಗೆ ಹೋಗಲು ಅಂಗಳದ ಕಡೆಗೆ ತೆರೆದ, ಮರದ ಕಟಕಟೆಯುಳ್ಳ ಮೊಗಸಾಲೆಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಸಾಗುತ್ತವೆ. ಅಲ್ಲಿ ನಿಂತವನಿಗೆ ಬರುವ ಬಂಡಿಯೂ ಹೊರಡುವ ಬಂಡಿಯೂ ಕಾಣುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ನಾಟಕದವರು ಇಂತಹ ಅಂಗಳಗಳಲ್ಲಿ ಆಡುತ್ತಿದ್ದುದೂ, ಜನರು ಮೊಗಸಾಲೆಗಳಲ್ಲಿ ನಿಂತು ನೋಡುತ್ತಿದ್ದುದೂ ಉಂಟು.

ಒಳಗೆ ಒಂದು ದೊಡ್ಡ ಗೋಡೆಗಡಿಯಾರವಿದೆ. ಅದಕ್ಕೆ 'ಪಾರ್ಲಿಮೆಂಟ್ ಗಡಿಯಾರ'ವೆಂಬ ಹೆಸರು. 1797ರಲ್ಲಿ ಸರ್ಕಾರವು ಗಡಿಯಾರಗಳ ಮೇಲೆ ತೆರಿಗೆಯನ್ನು ವಿಧಿಸಿದಾಗ ಅಂಥ ಸಾರ್ವಜನಿಕ ಗಡಿಯಾರಗಳಿಗೆ ಈ ಹೆಸರು ಅಂಟಿಕೊಂಡಿತು. ತೆರಿಗೆಯು ಮರುವರ್ಷವೇ ಹೋಯಿತು, ಹೆಸರು ಉಳಿಯಿತು.

ಬೆಂಕಿಯನ್ನು ಗೆದ್ದ ಮನೆಯು ರೈಲಿಗೆ ಸೋತಿತು. 1836ರಲ್ಲಿ ಸಮೀಪದಲ್ಲಿಯೇ ಲಂಡನ್ ಬ್ರಿಜ್ ನಿಲ್ದಾಣವು ತೆರೆಯಿತು; ಕುದುರೆಬಂಡಿಗಳ ಕಾಲವು ಮುಗಿಯುತ್ತ ಬಂದಿತು. ಗ್ರೇಟ್ ನಾರ್ದರ್ನ್ ರೈಲ್ವೆಯು ಈ ಸ್ಥಳವನ್ನು ಕೊಂಡು, 1889ರಲ್ಲಿ ಉಗ್ರಾಣಕ್ಕಾಗಿ ಎರಡು ಮಗ್ಗುಲನ್ನು ಕೆಡವಿಹಾಕಿತು. ದಕ್ಷಿಣದ ಮಗ್ಗುಲೊಂದೇ ಉಳಿಯಿತು. ಟ್ಯಾಬರ್ಡಿನ ಕಟ್ಟಡವಂತೂ ಅದಕ್ಕೂ ಮೊದಲೇ ಪೂರ್ತಿ ನೆಲಸಮವಾಗಿತ್ತು.

ಆದರೆ ಕೆಡವಿದ ಕಂಪೆನಿಯ ಉತ್ತರಾಧಿಕಾರಿಯಾದ ರೈಲ್ವೆಯೇ 1937ರಲ್ಲಿ ಉಳಿದುದನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿತು. ಲಂಡನ್ನಿನಲ್ಲಿ ಮೊಗಸಾಲೆಗಳುಳ್ಳ ಪಾಂಥಶಾಲೆಯೆಂದರೆ ಈಗ ಇದೊಂದೇ. ಇಂದಿಗೂ ಅದು ಪಾನಗೃಹವಾಗಿಯೇ ನಡೆಯುತ್ತಿದೆ.

ಅಲ್ಲಿ ಕುಡಿಯುವುದು ನಮಗೆ ಒಪ್ಪಿಗೆಯಲ್ಲ; ಆದರೂ ಆ ಮನೆಯು ಉಳಿದುದು ನಮಗೆ ಸಂತೋಷ. ಕೆಡವಲು ಒಂದು ದಿನದ ಅಗತ್ಯವು ಸಾಕು. ಕೆಡವಿದವರ ಮಕ್ಕಳು ಅದನ್ನು ನೋಡಬಯಸಿದಾಗ, ಹಣವನ್ನು ಎಷ್ಟು ಸುರಿದರೂ ಆ ಎರಡು ಮಗ್ಗುಲು ಮರಳಿ ಬಾರವು.