ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಮುಷ್ಕರವೇ?

ಮಕ್ಕಳ ಪ್ರಾಜೆಕ್ಟು, ಯಜಮಾನರ ಆಫೀಸು ಕೆಲಸ, ಮನೆಖರ್ಚಿನ ಲೆಕ್ಕ, ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳು... ಎಲ್ಲವೂ ಮನೆಯ ಒಂದೇ ಲ್ಯಾಪ್‌ಟಾಪಿನಲ್ಲಿ. ರಾತ್ರಿ ಅದೇನೋ ಅಪ್‌ಡೇಟ್ ಆಯಿತು. ಬೆಳಿಗ್ಗೆಯಿಂದ ಐದೈದು ನಿಮಿಷಕ್ಕೂ ಪರದೆ ನೀಲಿಯಾಗಿ ತಾನಾಗೇ ರೀಸ್ಟಾರ್ಟ್! ಅಂಗಡಿಗೆ ಫೋನ್ ಮಾಡಿದರೆ, ‘ಫಾರ್ಮ್ಯಾಟ್ ಮಾಡ್ಬೇಕು ಮೇಡಂ’ ಅನ್ನುವ ಉತ್ತರ.

ಸ್ವಲ್ಪ ತಾಳಿ. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ಬೇರೆ ಕಡೆ ಕಾಪಿ ಇಲ್ಲದಿದ್ದರೆ ಫೋಟೊಗಳೂ ಹೋದಂತೆಯೇ. ತೊಂದರೆ ಅಪ್‌ಡೇಟ್ ಆದ ಮೇಲೇ ಶುರುವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನು. ಅದನ್ನು ಹಳೆಯದಕ್ಕೆ ತಿರುಗಿಸುವುದು ನೀವೇ ಮಾಡಬಹುದಾದ ಕೆಲಸ.

ಏನಿದು ಡ್ರೈವರ್?

ಸಿಲಿಂಡರಿಗೂ ಒಲೆಗೂ ನಡುವೆ ರೆಗ್ಯುಲೇಟರ್ ಇರುತ್ತದಲ್ಲ, ಹಾಗೇ ವಿಂಡೋಸ್‌ಗೂ ಪ್ರಿಂಟರ್, ವೈಫೈ, ಪರದೆಯಂಥ ಭಾಗಗಳಿಗೂ ನಡುವೆ ಇರುವ ಪುಟ್ಟ ಸಾಫ್ಟ್‌ವೇರ್ ಇದು. ಸಿಲಿಂಡರ್, ಒಲೆ ಎರಡೂ ಚೆನ್ನಾಗಿದ್ದು ರೆಗ್ಯುಲೇಟರ್ ಮಾತ್ರ ಕೂರದಿದ್ದರೆ ಅಡುಗೆ ಆಗುತ್ತದೆಯೇ? ಅನೇಕ ಡ್ರೈವರ್‌ಗಳು ವಿಂಡೋಸಿನ ತೀರಾ ಒಳಮನೆಯಲ್ಲೇ ಕೆಲಸ ಮಾಡುವುದರಿಂದ ಒಂದು ಎಡವಿದರೂ ಇಡೀ ಕಂಪ್ಯೂಟರ್ ನಿಲ್ಲುತ್ತದೆ.

2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಅಪ್‌ಡೇಟ್‌ನಲ್ಲಿ ಕಳಿಸಿದ ದೋಷದ ಫೈಲನ್ನು ಅದರ ಡ್ರೈವರ್ ಓದಲು ಹೋಗಿ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ಕೈಕೊಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಆಗಲೂ ಅನೇಕ ಕಡೆ ಮಾಡಿದ್ದು ಇಷ್ಟೇ: ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ತೆಗೆದದ್ದು. ಮನೆಯ ಲ್ಯಾಪ್‌ಟಾಪಿಗೂ ಬಾಗಿಲು ಅದೇ.

ಹೀಗೆ ಮಾಡಿ

* ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಪರದೆ ಕಪ್ಪಗಿರುತ್ತದೆ, ಗಾಬರಿ ಬೇಡ. ‘ವಿಡಿಯೊ ಟಿಡಿಆರ್’ ಎಂದಿದ್ದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ.

* ಲಾಗಿನ್ ಪರದೆಯ ತನಕ ಬರುತ್ತದೆಯೇ? ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಅಲ್ಲಿಗೂ ಬಾರದಿದ್ದರೆ, ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗಾದರೆ ರಿಪೇರಿ ಪರದೆ ತಾನಾಗೇ ಬರುತ್ತದೆ.

* ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್, ರೀಸ್ಟಾರ್ಟ್ ಎಂದು ಒಂದೊಂದಾಗಿ ಒತ್ತಿ, ಪಟ್ಟಿ ಬಂದಾಗ 4 ಒತ್ತಿ. ಇದೇ ಸೇಫ್ ಮೋಡ್. ಇಲ್ಲಿ ತೀರಾ ಅಗತ್ಯದ ಡ್ರೈವರ್‌ಗಳು ಮಾತ್ರ ಓಡುತ್ತವೆ. ಇಲ್ಲಿ ಸುಮ್ಮನೆ ನಡೆಯಿತೆಂದರೆ ತಪ್ಪು ಬಹುಶಃ ಡ್ರೈವರಿನದೇ. ಇಲ್ಲೂ ಕೆಟ್ಟರೆ ರ‍್ಯಾಮ್, ಡಿಸ್ಕ್ ಅಥವಾ ಬಿಸಿಯ ತೊಂದರೆ ಇರಬಹುದು. ಆಗ ಅಂಗಡಿಗೆ ಒಯ್ಯಿರಿ.

* ಸೇಫ್ ಮೋಡ್‌ನಲ್ಲಿ ಇದ್ದಾಗಲೇ ಮುಖ್ಯ ಫೋಟೊ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅರ್ಧ ಚಿಂತೆ ಇಲ್ಲಿಗೇ ಮುಗಿಯಿತು!

* ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಗ್ರಾಫಿಕ್ಸ್ ಆದರೆ ‘ಡಿಸ್‌ಪ್ಲೇ ಅಡಾಪ್ಟರ್ಸ್’, ವೈಫೈ ಆದರೆ ‘ನೆಟ್‌ವರ್ಕ್ ಅಡಾಪ್ಟರ್ಸ್’. ಅದರೊಳಗಿನ ಹೆಸರಿನ ಮೇಲೆ ಬಲಗುಂಡಿ, ಪ್ರಾಪರ್ಟೀಸ್, ಡ್ರೈವರ್, ಕೊನೆಗೆ ‘ರೋಲ್ ಬ್ಯಾಕ್ ಡ್ರೈವರ್’. ಕಾರಣ ಕೇಳುತ್ತದೆ, ಯಾವುದಾದರೊಂದನ್ನು ಆರಿಸಿ ರೀಸ್ಟಾರ್ಟ್ ಮಾಡಿ.

* ಆ ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ಅದೇ ರಿಪೇರಿ ಪರದೆಯ ‘ಸಿಸ್ಟಮ್ ರಿಸ್ಟೋರ್’ನಲ್ಲಿ ಅಪ್‌ಡೇಟ್‌ಗೆ ಹಿಂದಿನ ತಾರೀಕು ಇದ್ದರೆ ಆರಿಸಿ. ಆಮೇಲೆ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ಫೋಟೊಗಳಿಗೆ ಏನೂ ಆಗುವುದಿಲ್ಲ.

ಸರಿಹೋದ ಮೇಲೆ ಸೆಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟನ್ನು ಒಂದೆರಡು ವಾರ ‘ಪಾಸ್’ ಮಾಡಿ, ಇಲ್ಲವಾದರೆ ಅದೇ ಡ್ರೈವರ್ ಮತ್ತೆ ಬಂದು ಕೂತೀತು. ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ. ವೈರಸ್, ಕಳ್ಳರಿಂದ ಕಾಪಾಡುವುದೂ ಅದೇ.

ನೆನಪಿಡಿ

ಕೆಲವು ಲ್ಯಾಪ್‌ಟಾಪ್‌ಗಳು ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತವೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಇವತ್ತೇ ನೋಡಿ, ಗ್ಯಾಸ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಇಡುವ ಜಾಗದಲ್ಲೇ ಬರೆದಿಡಿ. ‘ನಿಮ್ಮ ಡ್ರೈವರ್‌ಗಳು ಹಳೆಯದಾಗಿವೆ, ಇಲ್ಲಿ ಒತ್ತಿ’ ಎಂದು ಇಂಟರ್‌ನೆಟ್‌ನಲ್ಲಿ ಇಣುಕುವ ಜಾಹೀರಾತುಗಳನ್ನು ನಂಬಬೇಡಿ. ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್‌ನಿಂದ ಅಥವಾ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ಪಡೆಯಿರಿ. ಇಷ್ಟೆಲ್ಲ ಮಾಡಿಯೂ ಅಂಗಡಿಗೆ ಹೋಗಲೇಬೇಕಾಯಿತೇ? ‘ಡೇಟಾ ತೆಗೆದಿಟ್ಟು ಆಮೇಲೆ ಮುಟ್ಟಿ’ ಎಂದು ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.