ಪೀಚ್ ಹಣ್ಣಿಗೆ ಎಷ್ಟು ಚಳಿ ಸರಿ?

ನೋಡಲು ಕೆಂಪು, ಮುಟ್ಟಿದರೆ ಮೆತ್ತಗೆ. ಕಚ್ಚಿದರೆ ಮಾತ್ರ ರಸವೇ ಇಲ್ಲ, ಬೆಂಡು ಬಿದ್ದ ಮೂಲಂಗಿಯ ಹಾಗೆ. ಪೀಚ್ ಕೊಂಡವರಿಗೆ ಇದು ಹೊಸದಲ್ಲ. ಬೈಗುಳ ತಿನ್ನುವವನು ಅಂಗಡಿಯವನು. ತಪ್ಪು ಬಹುಪಾಲು ಹಣ್ಣನ್ನು ಇಟ್ಟ ಉಷ್ಣಾಂಶದ್ದು.

ಪೀಚ್ ಕಿತ್ತ ಮೇಲೂ ಹಣ್ಣಾಗುತ್ತದೆ. ಎಥಿಲೀನ್ ಎಂಬ ಮಾಗಿಸುವ ಅನಿಲವನ್ನು ತಾನೇ ಬಿಡುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ತಂಪಿನಲ್ಲಿ ಈ ವೇಗ ತಗ್ಗುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ, ಅಂದರೆ ಶೀತಲಗೃಹದಲ್ಲಿ, ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಶೇ. 90ರಿಂದ 95 ತೇವಾಂಶದಲ್ಲಿ ಇಟ್ಟರೆ ಅನೇಕ ತಳಿಗಳು ಎರಡರಿಂದ ನಾಲ್ಕು ವಾರ ತಡೆಯುತ್ತವೆ. ತೇವ ಕಡಿಮೆಯಾದರೆ ಸಿಪ್ಪೆ ಸುಕ್ಕಾಗುತ್ತದೆ.

ಸೊನ್ನೆಗೆ ತಡೆದ ಹಣ್ಣು ಐದು ಡಿಗ್ರಿಗೆ ಇನ್ನೂ ಚೆನ್ನಾಗಿರಬೇಕಲ್ಲವೇ? ಇಲ್ಲ. ಪೀಚ್‌ನ ವಿಚಿತ್ರ ಇರುವುದೇ ಇಲ್ಲಿ. ಸುಮಾರು 2ರಿಂದ 8 ಡಿಗ್ರಿ ಅದಕ್ಕೆ ಅತಿ ಕೆಟ್ಟದ್ದು. ಬಲ್ಲವರು ಇದನ್ನು 'ಕಿಲ್ಲಿಂಗ್ ಝೋನ್', ಹಣ್ಣು ಕೆಡಿಸುವ ವಲಯ, ಎನ್ನುತ್ತಾರೆ.

ಹಣ್ಣಿನ ಕೋಶಗಳನ್ನು ಹಿಡಿದಿಟ್ಟಿರುವ ಅಂಟು ಪದಾರ್ಥಕ್ಕೆ ಪೆಕ್ಟಿನ್ ಎಂದು ಹೆಸರು. ಹಣ್ಣಾಗುವಾಗ ಕಿಣ್ವಗಳು (ಎಂಜೈಮ್) ಹೊಂದಿಕೊಂಡು ಕೆಲಸ ಮಾಡಿ ಇದನ್ನು ಚೂರು ಮಾಡಬೇಕು. ಆಗ ರಸ ಒಸರುತ್ತದೆ. ಈ ವಲಯದಲ್ಲಿ ಒಂದು ಕಿಣ್ವ ದುಡಿಯುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಅರೆಬರೆ ಒಡೆದ ಪೆಕ್ಟಿನ್ ನೀರನ್ನು ಹೀರಿ ಲೋಳೆಯಾಗಿ ಹಿಡಿದುಕೊಳ್ಳುತ್ತದೆ. ರಸ ಹಣ್ಣಿನೊಳಗೇ ಇದೆ, ನಿಮ್ಮ ಬಾಯಿಗೆ ಬರುವುದಿಲ್ಲ ಅಷ್ಟೆ. ಜೊತೆಗೆ ವಾಟೆಯ ಸುತ್ತ ತಿರುಳು ಕಂದಾಗುತ್ತದೆ. ಇದಕ್ಕೂ ಮೊದಲೇ ಪರಿಮಳ ಹೋಗಿರುತ್ತದೆ.

ಹಣ್ಣು ತಂಪಿನಲ್ಲಿ ಇರುವವರೆಗೆ ಇದು ಕಾಣುವುದಿಲ್ಲ. ಹೊರಗೆ ತೆಗೆದು ಮಾಗಿದ ಮೇಲೆ ಬಯಲಾಗುತ್ತದೆ. ಅಷ್ಟರಲ್ಲಿ ಹಣ್ಣು ನಿಮ್ಮ ಮನೆಯಲ್ಲಿರುತ್ತದೆ! ಸೊನ್ನೆಯಲ್ಲಿಟ್ಟರೂ ವಾರಗಳು ಕಳೆದಂತೆ ಇದೇ ಗತಿ, ತಡವಾಗಿ, ಅಷ್ಟೇ. ಇನ್ನೂ ತಣ್ಣಗೆ ಮಾಡೋಣವೆಂದರೆ ಹಣ್ಣು ಹೆಪ್ಪುಗಟ್ಟುತ್ತದೆ.

ಬಿತ್ತನೆ ಆಲೂಗಡ್ಡೆಯ ಶೀತಲಗೃಹ ಸಾಮಾನ್ಯವಾಗಿ 2ರಿಂದ 4 ಡಿಗ್ರಿಯಲ್ಲಿರುತ್ತದೆ. ಜಾಗ ಖಾಲಿ ಇದೆಯೆಂದು ಅಲ್ಲಿ ಪೀಚ್ ಇಟ್ಟರೆ ಬಾಡಿಗೆ ಕೊಟ್ಟು ಹಣ್ಣು ಕೆಡಿಸಿಕೊಂಡಂತೆ. ಸೊನ್ನೆಗೆ ಇಳಿಸಲು ಕರೆಂಟ್ ಖರ್ಚು ಹೆಚ್ಚು, ನಿಜ. ಅಲ್ಲಿ ಉಳಿಸಿದ್ದು ಹಣ್ಣಿನ ಬೆಲೆಯಲ್ಲಿ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಬೆಳೆಗಾರರು ಇನ್ನೊಂದು ಉಪಾಯ ಬಳಸುತ್ತಾರೆ. ಕಿತ್ತ ಹಣ್ಣನ್ನು ಒಂದೆರಡು ದಿನ ಸುಮಾರು 20 ಡಿಗ್ರಿಯಲ್ಲಿಟ್ಟು ಮಾಗಲು ಬಿಟ್ಟು, ಆಮೇಲೆ ಬೇಗನೆ ತಣ್ಣಗಾಗಿಸುತ್ತಾರೆ. ಇದಕ್ಕೆ ಪ್ರೀಕಂಡೀಷನಿಂಗ್ ಎನ್ನುತ್ತಾರೆ.

ಮನೆಯ ಫ್ರಿಡ್ಜ್? ಅದು ಇರುವುದೇ 4 ಡಿಗ್ರಿಯ ಆಸುಪಾಸು. ಹಾಗೆಂದು ಅದರಲ್ಲಿ ಇಡಲೇಬಾರದು ಎಂದಲ್ಲ. ಗಟ್ಟಿ ಹಣ್ಣನ್ನು ಹೊರಗೇ ಇಡಿ, ಕಾಗದದ ಚೀಲದಲ್ಲಾದರೆ ಬೇಗ ಮಾಗುತ್ತದೆ. ಘಮ ಬಂದು, ಒತ್ತಿದರೆ ಸ್ವಲ್ಪ ತಗ್ಗಿದ ಮೇಲೆ ಫ್ರಿಡ್ಜಿಗೆ ಹಾಕಿ ಎರಡು ಮೂರು ದಿನದೊಳಗೆ ತಿನ್ನಿ. ಇದಕ್ಕೆ ಪೈಸೆ ಖರ್ಚಿಲ್ಲ.

ಪಂಜಾಬಿನ ಪೀಚ್ ಏಪ್ರಿಲ್-ಮೇ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಹಿಮಾಚಲದ ರಾಜಗಢ ಕಡೆಯದು ಅದರ ನಂತರ. ಕೊಳ್ಳುವಾಗ ಕೆಂಪು ಕೆನ್ನೆಗೆ ಮರುಳಾಗಬೇಡಿ. ತೊಟ್ಟಿನ ಬಳಿ ಹಸಿರಿದ್ದರೆ ಅದು ಬಲಿಯುವ ಮೊದಲೇ ಕಿತ್ತದ್ದು. ಹಳದಿ ಅಥವಾ ಕೆನೆ ಬಣ್ಣವಿದ್ದದ್ದನ್ನು ಆರಿಸಿ. ಬೆಂಡಾದ ಹಣ್ಣು ಸಿಕ್ಕಿಬಿಟ್ಟರೆ, ಕಂದು ಭಾಗ ಕೆತ್ತಿ ತೆಗೆದು ಸಕ್ಕರೆ, ನಿಂಬೆರಸ ಹಾಕಿ ಜಾಮ್ ಕಾಯಿಸಿ.