ದಿ ಡಿನ್ನರ್ ಪಾರ್ಟಿ (ಕಲಾಕೃತಿ)

ದಿ ಡಿನ್ನರ್ ಪಾರ್ಟಿ ಎಂಬುದು ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಅವರು 1974ರಿಂದ 1979ರ ಅವಧಿಯಲ್ಲಿ ನೂರಾರು ಸ್ವಯಂಸೇವಕರ ನೆರವಿನಿಂದ ರೂಪಿಸಿದ ಪ್ರತಿಷ್ಠಾಪನಾ ಕಲಾಕೃತಿ. ಪ್ರತಿ ಬದಿಯೂ 48 ಅಡಿ ಉದ್ದವಿರುವ ತ್ರಿಕೋನಾಕಾರದ ಔತಣದ ಮೇಜಿನ ಮೇಲೆ 39 ಮಹಿಳೆಯರಿಗಾಗಿ ತಟ್ಟೆ, ಪಾನಪಾತ್ರೆ ಮತ್ತು ಕಸೂತಿಯ ಹಾಸುಬಟ್ಟೆಗಳನ್ನು ಅಣಿಗೊಳಿಸಲಾಗಿದೆ. ನೆಲದ ಹೆಂಚುಗಳ ಮೇಲೆ ಇನ್ನೂ 999 ಹೆಸರುಗಳಿವೆ. ಹೆಂಗಸರ ಮನೆಗೆಲಸವೆಂದು ಕಡೆಗಣಿಸಲ್ಪಟ್ಟಿದ್ದ ಕಸೂತಿಯನ್ನೂ ಪಿಂಗಾಣಿ ಚಿತ್ರಣವನ್ನೂ ವಸ್ತುಸಂಗ್ರಹಾಲಯದೊಳಕ್ಕೆ ತಂದದ್ದು ಇದರ ಹೆಗ್ಗಳಿಕೆ.

ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿ ಹಾಗೂ ಗುಲಾಮಗಿರಿಯಿಂದ ಪಾರಾಗಿ ಸ್ತ್ರೀಯರ ಹಕ್ಕುಗಳಿಗಾಗಿ ದನಿಯೆತ್ತಿದ ಸೋಜರ್ನರ್ ಟ್ರೂತ್ ಅವರ ಸ್ಥಾನಗಳು ಒಂದೇ ಬದಿಯಲ್ಲಿವೆ. ಬಹುತೇಕ ತಟ್ಟೆಗಳಲ್ಲಿ ಸ್ತ್ರೀ ಜನನಾಂಗವನ್ನು ನೆನಪಿಸುವ ಚಿಟ್ಟೆ ಅಥವಾ ಹೂವಿನ ರೂಪವಿದ್ದರೆ, ಟ್ರೂತ್ ಅವರ ತಟ್ಟೆಯಲ್ಲಿ ಇರುವುದು ಮೂರು ಮುಖಗಳು. ಕಪ್ಪು ಮಹಿಳೆಯ ಹೆಣ್ತನವನ್ನು ಇಲ್ಲಿ ಅಳಿಸಲಾಗಿದೆ ಎಂದು ವಿಮರ್ಶಕಿ ಹಾರ್ಟೆನ್ಸ್ ಸ್ಪಿಲ್ಲರ್ಸ್ ಮತ್ತು ಲೇಖಕಿ ಆಲಿಸ್ ವಾಕರ್ ಆಕ್ಷೇಪಿಸಿದರು. ಮರೆತವರನ್ನು ನೆನಪಿಸಲೆಂದೇ ಹಾಕಿದ ಮೇಜಿನ ವಿಷಯದಲ್ಲಿ ಇದು ತೂಕದ ಆಕ್ಷೇಪವೇ ಸರಿ.

1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೊದಲು ಪ್ರದರ್ಶನಗೊಂಡ ಈ ಕೃತಿ ಹಲವು ದೇಶಗಳಲ್ಲಿ ಸಂಚರಿಸಿತು. ಆದರೂ ಶಾಶ್ವತ ನೆಲೆಯಿಲ್ಲದೆ ವರ್ಷಗಟ್ಟಲೆ ದಾಸ್ತಾನಿನಲ್ಲಿ ಉಳಿಯಿತು. 2007ರಿಂದ ನ್ಯೂಯಾರ್ಕ್‌ನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಕಾಯಂ ಪ್ರದರ್ಶನದಲ್ಲಿದೆ.